ಇಂದ್ರವ್ವನ ಸಹಿಕೀಲಿ

ಇಂದ್ರವ್ವ ಸೇವಂತಿಗೆಯ ಮಾಲೆಯನ್ನು ಅರ್ಧ ಕಟ್ಟಿದ್ದಳು. ಬಾಳೆನಾರಿನ ಒಂದು ತುದಿ ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡಿತ್ತು, ಇನ್ನೊಂದು ತುದಿ ಕೈಬೆರಳುಗಳ ನಡುವೆ ಇತ್ತು. ಆಗ ಅವಳ ಗಂಡ ಗುರುಪಾದಪ್ಪ ಮೊಬೈಲನ್ನು ಮುಖದ ಮುಂದೆ ಹಿಡಿದ.

"ಇಲ್ಲಿ ನೋಡು. ಹೆಸರ ಹೇಳು. ಕಾರ್ಡ್ ಎತ್ತಿ ಹಿಡಿ."

"ನಾರ ಬಿಟ್ಟರ ಬಿಚ್ಚತೈತಿ."

"ಕಾಲಾಗ ಇರಲಿ ಅದು. ಅವರಿಗೆ ಮಾರಿ ಅಷ್ಟ ಬೇಕು."

ಆಕೆ ಎಡಗೈಯಲ್ಲಿ ಕಾರ್ಡು ಹಿಡಿದು, ಗಂಡ ಹೇಳಿಕೊಟ್ಟಂತೆ ಒಂದೇ ಉಸಿರಿನಲ್ಲಿ ಹೇಳಿದಳು: "ನಾನು ಇಂದ್ರವ್ವ ಗುರುಪಾದಪ್ಪ ಹೂಗಾರ, ಸುಣಕಲದಿನ್ನಿ ಗ್ರಾಮ ಪಂಚಾಯಿತಿ ಅಧ್ಯಕ್ಷೆ." ಇಪ್ಪತ್ತು ಸೆಕೆಂಡಿನ ಆ ವಿಡಿಯೊ ಎಲ್ಲಿಗೋ ಹೋಯಿತು. ಕುರ್ಚಿಯ ಮೇಲೆ ಕೂತ ಯಾರೋ ಅದನ್ನು ನೋಡಿ, ಈಕೆ ಈಕೆಯೇ ಹೌದು ಎಂದು ಒಪ್ಪಿದರು. ಇಂದ್ರವ್ವ ಕಾರ್ಡನ್ನು ಕೆಳಗಿಟ್ಟು ಮಾಲೆಯ ಉಳಿದರ್ಧಕ್ಕೆ ಕೈ ಹಾಕಿದಳು. ನಾನು ಹುಟ್ಟಿದ್ದು ಆ ಅರ್ಧಕ್ಕೂ ಈ ಅರ್ಧಕ್ಕೂ ನಡುವೆ.

ನಾನು ಒಂದು ಡಿಜಿಟಲ್ ಸಹಿಯ ಕೀಲಿ. ಹೆಬ್ಬೆರಳಿನಷ್ಟು ಉದ್ದದ ನೀಲಿ ಪ್ಲಾಸ್ಟಿಕ್ ತುಂಡು. ಒಂದು ತುದಿಯಲ್ಲಿ ಲೋಹದ ನಾಲಿಗೆ, ಇನ್ನೊಂದು ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ದೀಪ. ಊರಲ್ಲಿ ನನ್ನನ್ನು ಡಾಂಗಲ್ ಎನ್ನುತ್ತಾರೆ. ನನ್ನನ್ನು ಕಂಪ್ಯೂಟರಿಗೆ ಚುಚ್ಚಿ ಎಂಟು ಅಂಕಿಯ ಗುಟ್ಟನ್ನು ಒತ್ತಿದರೆ ನಾನು ಇಂದ್ರವ್ವನ ಸಹಿ ಹಾಕುತ್ತೇನೆ. ಆಗ ಆಕೆ ಎದುರಿಗೆ ಇರಬೇಕೆಂದಿಲ್ಲ. ಹೊಲದಲ್ಲಿ ಹೂವು ಬಿಡಿಸುತ್ತಿರಬಹುದು, ಜ್ವರದಲ್ಲಿ ಮಲಗಿರಬಹುದು. ನನಗೆ ಅಂಕಿ ಸಾಕು.

ಆ ಅಂಕಿಯನ್ನು ಇಟ್ಟವನು ಗುರುಪಾದಪ್ಪ. ತನ್ನ ಬೈಕಿನ ನಂಬರನ್ನು ಎರಡು ಸಲ ಬರೆದು ಎಂಟು ಮಾಡಿಕೊಂಡ. ಹೆಂಡತಿಗೆ ಹೇಳಲಿಲ್ಲ. ಮುಚ್ಚಿಟ್ಟನೆಂದೂ ಹೇಳಲಾರೆ, ಹೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಮೊದಲ ಒಂದು ವರ್ಷ ನಾನು ಅವನ ಅಂಗಿಯ ಜೇಬಿನಲ್ಲಿ ಬದುಕಿದೆ. ಜೊತೆಗೆ ಒಂದು ಬಾಚಣಿಗೆ, ಎಲೆಅಡಿಕೆಯ ಚೀಲ, ಮೂರ್ನಾಲ್ಕು ಏಲಕ್ಕಿ. ಅವನು ಕೆಟ್ಟವನಲ್ಲ. ಮೂವತ್ತು ವರ್ಷ ಮನೆಮನೆಗೆ ಬಿಲ್ವಪತ್ರೆ ಹಾಕಿ, ಗೌಡರ ಪಡಸಾಲೆಯಲ್ಲಿ ನಿಂತೇ ಮಾತಾಡಿ ಬಂದವನು. ಮೀಸಲಾತಿಯಿಂದ ಅಧ್ಯಕ್ಷಗಿರಿ ಹೂಗಾರರ ಹೆಂಗಸಿಗೆ ಬಂದ ಮೇಲೆ ಅದೇ ಗೌಡರು ಅವನಿಗೆ ಕುರ್ಚಿ ಸರಿಸಿ, "ಬರ್ರಿ ಅಧ್ಯಕ್ಷರ" ಎನ್ನತೊಡಗಿದರು. ಹಾಗೆ ಕರೆದಾಗಲೆಲ್ಲ ಅವನ ಎದೆ ಸ್ವಲ್ಪ ಮುಂದಕ್ಕೆ ಬರುತ್ತಿತ್ತು. ಜೇಬಿನೊಳಗಿದ್ದ ನನಗೆ ಅದು ತಿಳಿಯುತ್ತಿತ್ತು. ಅಧ್ಯಕ್ಷೆಗೆ ಸೋಮವಾರ ಪಂಚಾಯಿತಿ ಕಚೇರಿಯ ಫೋಟೋಗಳಿಗೆ ಮಾಲೆ ಹಾಕುವ ಕೆಲಸ ಮೊದಲಿನಂತೆಯೇ ಉಳಿದಿತ್ತು.

ಪಂಚಾಯಿತಿಯಲ್ಲಿ ನನ್ನಂಥದೇ ಇನ್ನೊಂದು ಕೀಲಿ ಇತ್ತು, ಪಿಡಿಒ ನಟೇಶನದು. ಆತ ಮಂಡ್ಯದ ಕಡೆಯವನು, ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯಾಗಿ ಇಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಹಣ ಹೊರಗೆ ಹೋಗಬೇಕಾದರೆ ಮೊದಲು ಅವನ ಕೀಲಿ, ಆಮೇಲೆ ನಾನು. ಅವನ ಕೀಲಿ ಹೋದಲ್ಲಿಗೆ ನಾನು ಹೋಗಲೇಬೇಕೆಂದು ನಿಯಮವಿಲ್ಲ. ಅದನ್ನು ಸುಣಕಲದಿನ್ನಿಯಲ್ಲಿ ಯಾರೂ ಪರೀಕ್ಷಿಸಿ ನೋಡಿರಲಿಲ್ಲ.

ಈ ಹಣ ಎಲ್ಲಿಂದ ಬರುತ್ತದೆ ಎಂದು ಇಂದ್ರವ್ವ ಕೇಳಿದ್ದು ಒಂದು ಸೋಮವಾರ, ಸ್ಟೂಲಿನ ಮೇಲೆ ನಿಂತು ಮಾಲೆ ಹಾಕುತ್ತಿದ್ದಾಗ. ಗುರುಪಾದಪ್ಪ ಅಲ್ಲೇ ಪತ್ರಿಕೆ ಓದುತ್ತ ಕೂತಿದ್ದ. ನಾನು ಅವನ ಜೇಬಿನಲ್ಲಿ.

ನಟೇಶ ಸಂಕೋಚದಿಂದಲೇ ಹೇಳಿದ. "ದಿಲ್ಲೀಲಿ ಐದು ವರ್ಷಕ್ಕೊಂದು ಹಣಕಾಸು ಆಯೋಗ ಕೂರುತ್ತೆ ಮೇಡಂ. ಊರುಗಳಿಗೆ ಇಷ್ಟು, ಪಟ್ಟಣಗಳಿಗೆ ಇಷ್ಟು ಅಂತ ಅವರು ಹೇಳ್ತಾರೆ. ಆಮೇಲೆ ರಾಜ್ಯ ಅದನ್ನ ಪಂಚಾಯ್ತಿಗಳಿಗೆ ಹಂಚುತ್ತೆ. ಹೆಚ್ಚುಕಮ್ಮಿ ತಲೆ ಲೆಕ್ಕವೇ. ತಲೆ ಜಾಸ್ತಿ ಇದ್ರೆ ಹಣ ಜಾಸ್ತಿ. ಬಂದ ದುಡ್ಡಲ್ಲಿ ಅರ್ಧಕ್ಕಿಂತ ಹೆಚ್ಚು ನೀರು, ಚರಂಡಿ, ಸ್ವಚ್ಛತೆಗೇ ಅಂತ ಕಟ್ಟಿ ಕಳಿಸ್ತಾರೆ. ಮಿಕ್ಕಿದ್ದು ನಮ್ಮಿಷ್ಟ."

"ತಲಿ ಯಾರ ಎಣಿಸ್ತಾರ?"

"ಜನಗಣತಿ ಮೇಡಂ. ಹಿಂದೆ ಯಾವತ್ತೋ ಎಣಿಸಿದ್ದು, ಈಗ್ಲೂ ಅದೇ ಓಡ್ತಾ ಇದೆ. ಆವಾಗ ಹುಟ್ಟಿದ ಮಕ್ಕಳಿಗೆ ಮೀಸೆ ಬಂತು."

ಇಂದ್ರವ್ವ ನಗಲಿಲ್ಲ. ಸ್ಟೂಲಿನಿಂದ ಇಳಿದು, ಕೈಯಲ್ಲಿ ಉಳಿದಿದ್ದ ನಾರನ್ನು ಬೆರಳಿಗೆ ಸುತ್ತಿಕೊಂಡಳು. ಅಂದಿನಿಂದ ಆಕೆಗೆ ಕೂತಲ್ಲಿ ಕೂರಲಾಗದ ಒಂದು ಅಶಾಂತಿ ಶುರುವಾಯಿತು. ಅದರ ಕಾರಣ ನನಗೆ ತಿಳಿದದ್ದು ಆಮೇಲೆ.

ಕ್ರಿಯಾ ಯೋಜನೆಯ ಗ್ರಾಮಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ವೇದಿಕೆಯ ನಡುವಿನ ಕುರ್ಚಿಯಲ್ಲಿ ಇಂದ್ರವ್ವ, ಪಕ್ಕದ ಕುರ್ಚಿಯಲ್ಲಿ ಗುರುಪಾದಪ್ಪ. ಅವನಿಗೆ ಆ ಕುರ್ಚಿ ಯಾವ ಲೆಕ್ಕದಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ. ನೀರು-ನೈರ್ಮಲ್ಯಕ್ಕೆ ಬಂದ ಹಣದಲ್ಲಿ ಒಂದೇ ದೊಡ್ಡ ಕೆಲಸ ಆಗುವಂತಿತ್ತು. ಗುಡ್ಡದ ತಾಂಡಾಕ್ಕೆ ಎರಡೂವರೆ ಕಿಲೋಮೀಟರ್ ನೀರಿನ ಪೈಪು, ಅಥವಾ ಮೂರನೇ ವಾರ್ಡಿನ ಚರಂಡಿ. ಮೂರನೇ ವಾರ್ಡು ಉಪಾಧ್ಯಕ್ಷ ರಾಚನಗೌಡನದು. ಅಲ್ಲಿ ಚರಂಡಿ ಆಗಲೇ ಇತ್ತು.

ತಾಂಡಾದ ಲಂಬಾಣಿ ಹೆಂಗಸರು ಬೇವಿನ ಮರದ ಕೆಳಗೆ ಕೂತಿದ್ದರು. ಅವರ ಬೋರಿನ ನೀರು ಉಪ್ಪು. ಕುಡಿಯುವ ನೀರಿಗೆ ಅವರು ಕರೆಂಟು ಇದ್ದ ಹೊತ್ತು ನೋಡಿಕೊಂಡು ಯಾರದೋ ಹೊಲದ ಪಂಪಿನ ಹತ್ತಿರ ಕೊಡ ಇಟ್ಟು ಕಾಯಬೇಕಿತ್ತು.

ರಾಚನಗೌಡ ಎದ್ದು ನಿಂತು ಒಂದು ಹಾಳೆ ತೋರಿಸಿದ. "ನಾ ಯಾರ ವಿರೋಧಿನೂ ಅಲ್ಲ. ಲೆಕ್ಕಾ ಅಂದ್ರ ಲೆಕ್ಕಾ. ದಿಲ್ಲಿಯವರು ತಲಿ ನೋಡಿ ರೊಕ್ಕಾ ಕೊಡತಾರ. ಕಾಗದದಾಗ ತಾಂಡಾ ಅಂದ್ರ ಇಪ್ಪತ್ಮೂರ ತಲಿ. ಇಪ್ಪತ್ಮೂರ ತಲಿಗೆ ಎರಡೂವರಿ ಕಿಲೋಮೀಟರ ಪೈಪ ಹಾಕಿದ್ರ ಆಡಿಟಿನವರು ನಗತಾರ."

ಮರದ ಕೆಳಗಿಂದ ಘಮಲಿಬಾಯಿ ಎದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಕಬ್ಬು ಕಡಿಯುವ ತಂಡದಲ್ಲಿ ಇಪ್ಪತ್ತು ಹಂಗಾಮು ದುಡಿದವಳು. "ಗೌಡ್ರ, ಓಟಿನ ದಿವಸ ನಾವು ಎರಡನೂರಾ ಅರವತ್ತ ಮಂದಿ. ಜೀಪ ತಂದು ಎಣಿಸಿ ಎಣಿಸಿ ಹತ್ತಿಸಿಕೊಂಡ ಹೋಗಿದ್ರಿ. ನೀರ ಅಂದ ಕೂಡ್ಲೆ ಇಪ್ಪತ್ಮೂರ ಆದ್ವೇನ್ರಿ?"

ಜನ ನಕ್ಕರು. ರಾಚನಗೌಡನೂ ನಕ್ಕ. "ಎಣಿಸಾಕ ಬಂದಾಗ ಮನ್ಯಾಗ ಇರಬೇಕಿತ್ತವಾ."

"ಮನ್ಯಾಗ ಕುಂತಿದ್ರ ತಿನ್ನೂದೇನ? ಫೆಬ್ರುವರಿಯಾಗ ಎಣಿಸಾಕ ಬಂದ್ರ ನಾವು ಎಲ್ಲಿರತೀವಿ, ಕಬ್ಬಿನಾಗ ಇರತೀವಿ. ಅಲ್ಲಿ ನಮ್ಮ ಗುಡಿಸಲಕ್ಕೂ ಯಾರೂ ಬರಲಿಲ್ಲ. ಇಲ್ಲಿ ಉಳದ ಮುದುಕರನ್ನ ಬರಕೊಂಡ ಹೋದ್ರು. ಆ ವರ್ಷ ನಾವು ಹುಟ್ಟೇ ಇರಲಿಲ್ಲ ಅಂತ ಕಾಣತೈತಿ."

ನಟೇಶ ಕೆಮ್ಮಿ, ಮೆಲ್ಲಗೆ ಒಂದು ಮಾತು ಸೇರಿಸಿದ. ಮಕ್ಕಳೂ ಸೇರಿ ತಾಂಡಾದ ನಾನೂರು ಜನ ಕಾಗದದಲ್ಲಿ ಇದ್ದಿದ್ದರೆ ಪಂಚಾಯಿತಿಗೇ ಇಷ್ಟು ವರ್ಷ ಹೆಚ್ಚು ಹಣ ಬರುತ್ತಿತ್ತು, ಅದರಲ್ಲಿ ಊರಿಗೂ ಪಾಲಿರುತ್ತಿತ್ತು ಎಂದ. ತಾಂಡಾದವರು ಕಳೆದುಕೊಂಡದ್ದರಲ್ಲಿ ತಮ್ಮದೂ ಇತ್ತೆಂದು ಊರವರು ಮೊದಲ ಸಲ ಕೇಳಿದ್ದರು. ಆದರೆ ಇಲ್ಲದ ಹಣವನ್ನು ನೆನೆದು ಹೆಚ್ಚು ಹೊತ್ತು ಯಾರೂ ಕೂರುವುದಿಲ್ಲ.

ಘಮಲಿಬಾಯಿ ವೇದಿಕೆಯ ಕಡೆ ತಿರುಗಿದಳು. "ಅಧ್ಯಕ್ಷರ ಏನಂತಾರ?"

"ಅಧ್ಯಕ್ಷರ ಅಭಿಪ್ರಾಯ ಏನಂದ್ರ," ಎಂದು ಗುರುಪಾದಪ್ಪ ಎದ್ದ, "ಈ ಸಲ ಚರಂಡಿ ಆಗಲಿ, ಮುಂದಿನ ಸಲ ತಾಂಡಾಕ್ಕ ನೋಡೂನು."

"ನಾ ನಿಮ್ಮನ್ನ ಕೇಳಿಲ್ರಿ. ಆಕಿನ್ನ ಕೇಳೀನಿ."

ಇಂದ್ರವ್ವ ಸೆರಗಿಗೆ ಅಂಟಿದ್ದ ಹೂವಿನ ಎಸಳನ್ನು ತೆಗೆಯುತ್ತಿದ್ದಳು. ಎಸಳು ಬಂದ ಮೇಲೂ ತೆಗೆಯುತ್ತಲೇ ಇದ್ದಳು. ನಡಾವಳಿಯಲ್ಲಿ ಚರಂಡಿ ಎಂದು ಬರೆಯಲಾಯಿತು.

ಮನೆಯಲ್ಲಿ ಗುರುಪಾದಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದ. ಗೂಟದ ಕೆಳಗೆ ಇಂದ್ರವ್ವ ಹೂವು ಕಟ್ಟುವ ಜಾಗ. ಒಂದು ಮಧ್ಯಾಹ್ನ ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ಆಕೆ ಮಾತಾಡತೊಡಗಿದಳು. ನನ್ನೊಂದಿಗೆ ಅಲ್ಲ. ಬೆರಳುಗಳು ಕೆಲಸದಲ್ಲಿ ಮುಳುಗಿದಾಗ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದಲ್ಲ, ಹಾಗೆ.

ಹಿಂದಿನ ಜನಗಣತಿಯಲ್ಲಿ ಎಣಿಕೆಗೆ ಬಂದವರು ಶಾಲೆಯ ಮಾಸ್ತರರು. ಬಿಸಿಲಿನಲ್ಲಿ ಇಡೀ ಊರು ಸುತ್ತಿ ಅವಳ ಮನೆಯ ಕಟ್ಟೆಯ ಮೇಲೆ ಕೂತು ನೀರು ಕೇಳಿದ್ದರು. ಆಗ ಆಕೆಗೆ ಮದುವೆಯಾಗಿ ಕೆಲವೇ ವರ್ಷ. ತಾಂಡಾದಲ್ಲಿ ಯಾರಾದರೂ ಇದ್ದಾರೇನಮ್ಮ, ಅಷ್ಟು ದೂರ ಹೋಗಬೇಕೇ ಎಂದು ಮಾಸ್ತರರು ಕೇಳಿದರು. ಆಕೆ ಆ ವಾರವಷ್ಟೇ ತಾಂಡಾದ ಒಂದು ಮನೆಗೆ ಹೂವು ಕೊಟ್ಟು ಬಂದಿದ್ದಳು.

"ಯಾರ ಇಲ್ರಿ ಸರ್, ಒಂದ ಇಪ್ಪತ್ತು, ಇಪ್ಪತ್ಮೂರ ಮಂದಿ ಮುದುಕರ ಅದಾರ ಅಂದೆ," ಎಂದಳು ಇಂದ್ರವ್ವ, ಹೂವುಗಳಿಗೆ. "ಅವರು ಬರಕೊಂಡ್ರು. ಹೆಸರ ಆಮ್ಯಾಲ ಯಾರ್ನೋ ಕೇಳಿ ತುಂಬಿರಬೇಕು. ನಾ ಸುಳ್ಳ ಹೇಳಿಲ್ಲ. ಕಂಡಿದ್ದ ಹೇಳೀನಿ."

ಇನ್ನೊಂದು ಗಂಟು ಹಾಕಿ ಮತ್ತೆ ಹೇಳಿದಳು. "ಮಾಸ್ತರು ನನ್ನ ಕೇಳಿದ್ರಲ್ಲ, ಅದ ದೊಡ್ಡದಾತು ನನಗ. ಅಲ್ಲಿ ತನಕಾ ಯಾರೂ ಏನೂ ಕೇಳಿದ್ದಿಲ್ಲ."

ಆಕೆಯ ಅಶಾಂತಿ ನನಗೆ ಅರ್ಥವಾದದ್ದು ಆಗ. ಊರಿನಲ್ಲಿ ಒಬ್ಬರು ಅವಳ ಮಾತನ್ನು ಮೊದಲ ಬಾರಿಗೆ ಬರೆದುಕೊಂಡಿದ್ದರು, ಆ ಮಾತೇ ನಾನೂರು ಜನರನ್ನು ಕಾಗದದಿಂದ ಅಳಿಸಿತ್ತು. ಆಕೆ ಇದನ್ನು ಗಂಡನಿಗೂ ಹೇಳಿರಲಿಲ್ಲ, ಘಮಲಿಬಾಯಿಗೂ ಹೇಳಿರಲಿಲ್ಲ. ಹೇಳಿದರೆ ಘಮಲಿಬಾಯಿ ಬೈಯುತ್ತಾಳೆಂಬ ಭಯವಿರಲಿಲ್ಲ. ಇರಲಿ ಬಿಡವ್ವಾ ಎಂದುಬಿಡುತ್ತಾಳೆ ಎಂಬ ಭಯವಿತ್ತು.

ಚರಂಡಿಯ ಕೆಲಸ ಒಂಬತ್ತು ದಿನದಲ್ಲಿ ಮುಗಿಯಿತು. ಗುತ್ತಿಗೆ ರಾಚನಗೌಡನ ಭಾವಮೈದುನನದು. ಇಂದ್ರವ್ವ ಬಿಲ್ವ ಹಾಕುವ ಮನೆಗಳು ಮೂರನೇ ವಾರ್ಡಿನಲ್ಲೂ ಇದ್ದವು. ಬುಟ್ಟಿ ಇಳಿಸಿ ಚರಂಡಿಯ ಅಂಚನ್ನು ಬೆರಳಿನಿಂದ ಕೆರೆದಳಂತೆ. ಹಳೆಯ ಚರಂಡಿಗೆ ಸಿಮೆಂಟಿನ ನೀರು ಬಳಿದಿದ್ದರು. ಉಗುರಿಗೇ ಕಿತ್ತು ಬಂತು. ಅದನ್ನು ಮನೆಗೆ ಬಂದು ಗಂಡನಿಗೆ ಹೇಳಿದಳು.

"ಎಲ್ಲಾ ಕಡೆ ಹಂಗ ಇರತೈತಿ," ಎಂದ ಗುರುಪಾದಪ್ಪ. "ಗೌಡರ ಕಡಿ ಮೆಂಬರಗಳ ಐದ ಓಟ ಇರದಿದ್ರ ನೀ ಅಧ್ಯಕ್ಷಿ ಆಗತಿದ್ದೇನ? ನಾ ಮಾತ ಕೊಟ್ಟೀನಿ."

"ಮಾತ ನೀವು ಕೊಟ್ಟೀರಿ. ಸಹಿ ನಂದು."

"ನಿಂದು ಅಂದ್ರ ನಂದಲ್ಲೇನ?"

ಅವನು ಜಗಳಕ್ಕೆ ಹೇಳಿದ್ದಲ್ಲ. ನಿಜವಾಗಿ ಹಾಗೆಂದು ನಂಬಿ ಹೇಳಿದ. ಇಂದ್ರವ್ವ ಒಲೆಯ ಮೇಲಿನ ಸಾರಿಗೆ ಎರಡನೇ ಸಲ ಉಪ್ಪು ಹಾಕಿದಳು.

ಮರುದಿನ ಆಕೆ ಕಚೇರಿಗೆ ಹೋದದ್ದು ಸೋಮವಾರವಲ್ಲ. ಮಾಲೆಯೂ ಇರಲಿಲ್ಲ. ಗುರುಪಾದಪ್ಪ ನನ್ನನ್ನು ಮೇಜಿನ ಮೇಲೆ ಇಟ್ಟು ಚಹಾದಂಗಡಿಗೆ ಹೋಗಿದ್ದ. ನಟೇಶ ಕಂಪ್ಯೂಟರಿನಲ್ಲಿ ಹಳೆಯ ಪಟ್ಟಿಯನ್ನು ತೆರೆದು ತೋರಿಸಿದ. ಒಂದರ ಕೆಳಗೊಂದು ಸಾಲು, ಪ್ರತಿ ಸಾಲಿನ ಕೊನೆಗೆ ಇಂದ್ರವ್ವ ಗುರುಪಾದಪ್ಪ ಹೂಗಾರ ಅನುಮೋದಿಸಿದ್ದಾರೆ ಎಂಬ ಮಾತು, ದಿನ, ಗಂಟೆ, ನಿಮಿಷ.

ಆಕೆ ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಈ ದಿವಸ ನಮ್ಮವ್ವನ ಮಣ್ಣಿತ್ತು. ನಾ ಊರಾಗ ಇರಲಿಲ್ಲ."

ನಟೇಶ ಕೀಬೋರ್ಡಿನ ಕಡೆ ನೋಡಿದ. "ನಾನು ಹೇಳೋ ಹಾಗಿಲ್ಲ ಮೇಡಂ. ನನ್ಗೂ ಇಲ್ಲಿ ಕೆಲಸ ಮಾಡ್ಬೇಕು."

"ಇದರ ನಂಬರ ಬದಲಿ ಮಾಡಾಕ ಬರತೈತೇನ?"

"ಹಳೇ ನಂಬರ್ ಗೊತ್ತಿದ್ರೆ ಆಗುತ್ತೆ."

"ನನಗ ಗೊತ್ತಿಲ್ಲ."

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಹಾಗಾದ್ರೆ ಆಗಲ್ಲ. ಸುಮ್ನೆ ಏನೇನೋ ಒತ್ತಕ್ಕೆ ಹೋಗ್ಬೇಡಿ ಮತ್ತೆ. ಹತ್ತು ಸಲ ತಪ್ಪಾದ್ರೆ ಅದು ಲಾಕ್ ಆಗೋಗುತ್ತೆ. ಹೊಸದು ಮಾಡಿಸ್ಬೇಕು, ಮತ್ತೆ ನಿಮ್ಮ ವಿಡಿಯೊ ಎಲ್ಲಾ. ಹದಿನೈದು ಇಪ್ಪತ್ತು ದಿನ ಹೋಗುತ್ತೆ. ಮಾರ್ಚ್ ಹತ್ರ ಬಂತು. ಬಂದಿರೋ ಹಣ ಖರ್ಚು ತೋರಿಸ್ಲಿಲ್ಲ ಅಂದ್ರೆ ಮುಂದಿನ ಕಂತು ನಿಲ್ಲಿಸ್ತಾರೆ. ಇಡೀ ಪಂಚಾಯ್ತಿಗೇ."

"ಇಡೀ ಪಂಚಾಯ್ತಿಗೆ," ಎಂದಳು ಇಂದ್ರವ್ವ.

ಆ ವಾರವೆಲ್ಲ ಆಕೆ ಒಂದೆಡೆ ನಿಲ್ಲಲಿಲ್ಲ. ಕಟ್ಟಿದ ಮಾಲೆಯನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಬಾಗಿಲಿಗೆ ಹೋಗಿ ಯಾಕೆ ಬಂದೆನೆಂದು ಮರೆತು ಹಿಂದಿರುಗುತ್ತಿದ್ದಳು. ಸಹಿ ಬಿದ್ದರೆ ತಾಂಡಾದ ನೀರಿನ ಹಣ ಬಳಿದ ಸಿಮೆಂಟಿಗೆ ಹೋಗುತ್ತದೆ. ಸಹಿ ನಿಂತರೆ ಇಡೀ ಊರಿನ ಮುಂದಿನ ಕಂತಿಗೇ ಕುತ್ತು ಬರಬಹುದು. ಬೀದಿ ದೀಪ, ಕಸದ ಗಾಡಿ, ನೀರು ಬಿಡುವವನ ಪಗಾರ ಎಲ್ಲಕ್ಕೂ. ಒಂದು ಸಲ ಆಕೆ ಆಡಿದ ಮಾತು ನಾನೂರು ಜನರಿಗೆ ತಗುಲಿತ್ತು. ಈಗ ಮಾಡುವುದು ಎಷ್ಟು ಜನರಿಗೆ ತಗುಲುತ್ತದೋ ಎಂದು ಆಕೆ ಎಣಿಸುತ್ತಿದ್ದಳು ಎಂದು ನನ್ನ ಊಹೆ.

ಶುಕ್ರವಾರ ನಟೇಶ ತಾಲ್ಲೂಕಿನ ಸಭೆಗೆ ಹೋಗಿದ್ದ. ಬಿಲ್ಲಿಗೆ ಅವನ ಕೀಲಿ ಬಿದ್ದಾಗಿತ್ತು. ಶನಿವಾರ ಬೆಳಿಗ್ಗೆ ನನ್ನ ಸರದಿ. ಮಧ್ಯಾಹ್ನ ಗುರುಪಾದಪ್ಪ ಊಟ ಮಾಡಿ ಬನಿಯನ್ನಿನಲ್ಲೇ ಮಲಗಿದ. ಇಂದ್ರವ್ವ ಗೂಟದ ಮೇಲಿನ ಅಂಗಿಯಿಂದ ನನ್ನನ್ನು ತೆಗೆದಳು. ಹುಟ್ಟಿದ ಮೇಲೆ ನಾನು ಅವಳ ಕೈಗೆ ಬಂದದ್ದು ಅದೇ ಮೊದಲು. ಅವಳ ಬೆರಳ ತುದಿಗಳು ನಾರಿನಿಂದ ಒರಟಾಗಿದ್ದವು, ಹಸಿರು ಕರೆಗಟ್ಟಿದ್ದವು.

ಕಚೇರಿಯ ಜವಾನ ಅವಳನ್ನು ಕಂಡು ಎದ್ದು ನಿಂತ. "ಫೋಟೋದ ಹಾರ ಒಣಗ್ಯಾವು, ತಗದ ಹೋಗತೀನಿ," ಎಂದಳು. ಅವನು ಊಟದ ಡಬ್ಬಿ ತೆಗೆದುಕೊಂಡು ಹೊರಗಿನ ಕಟ್ಟೆಗೆ ಹೋದ.

ಆಕೆ ನನ್ನನ್ನು ಚುಚ್ಚಿದಳು. ಮೊದಲು ತಲೆಕೆಳಗಾಗಿ, ಆಮೇಲೆ ಸರಿಯಾಗಿ. ನನ್ನ ಕೆಂಪು ದೀಪ ಹತ್ತಿತು. ಪರದೆಯ ಮೇಲೆ ಎಂಟು ಅಂಕಿ ಕೇಳುವ ಚೌಕ ಬಂತು. ಆಕೆ ತೋರುಬೆರಳಿನಿಂದ ಎಂಟು ಸಲ ಒಂದನ್ನು ಒತ್ತಿದಳು. ತಪ್ಪು, ಇನ್ನು ಒಂಬತ್ತು ಅವಕಾಶ ಎಂದೆ. ಎಂಟು ಸಲ ಎರಡು. ಎಂಟು ಸಲ ಮೂರು. ತಪ್ಪು ಎಂದು ಹೇಳುವುದು ನನ್ನ ಕೆಲಸ, ಹೇಳುತ್ತ ಹೋದೆ. ಆಕೆ ಒತ್ತುವಾಗ ಅವಸರವಿರಲಿಲ್ಲ. ಒಂದೊಂದೇ ಹೂವು ಇಟ್ಟು ಗಂಟು ಹಾಕುವ ಗತಿ. ಎಂಟು ಸಲ ಒಂಬತ್ತು ಆದ ಮೇಲೆ ನಿಂತಳು. ಒಂದೇ ಅವಕಾಶ ಉಳಿದಿತ್ತು. ಹೊರಗೆ ಜವಾನ ಡಬ್ಬಿ ತೊಳೆಯುವ ಸದ್ದು ಕೇಳುತ್ತಿತ್ತು. ಆಕೆಯ ಹಣೆಯ ಬೆವರು ಕುಂಕುಮದ ಅಂಚಿಗೆ ಬಂದು ನಿಂತಿತ್ತು.

ನನಗೆ ಬದುಕುವ ಆಸೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅವಳಿಲ್ಲದೆ ಅವಳಾಗಿ ಇದ್ದು ಸಾಕಾಗಿತ್ತು.

ಎಂಟು ಸಲ ಸೊನ್ನೆ.

ಆಕೆ ನನ್ನನ್ನು ತೆಗೆದು, ಒಣಗಿದ ಹಾರಗಳನ್ನೂ ತೆಗೆದುಕೊಂಡು ಮನೆಗೆ ಬಂದಳು. ಅಂಗಿಯ ಜೇಬಿನಲ್ಲಿ ಬಾಚಣಿಗೆಯ ಪಕ್ಕ ನನ್ನನ್ನು ಮೊದಲಿದ್ದಂತೆಯೇ ಇಟ್ಟಳು.

ಶನಿವಾರ ನಾನು ಏಳದಿದ್ದಾಗ ಗುರುಪಾದಪ್ಪ ನನ್ನನ್ನು ಅಂಗಿಗೆ ಒರೆಸಿದ, ಊದಿದ, ಬಿಸಿಲಿಗೆ ಇಟ್ಟ. ಮನೆಗೆ ಬಂದು, "ಅಂಗಿ ಒಗಿಯುವಾಗ ಇದನ್ನೂ ನೀರಾಗ ಹಾಕಿದ್ದೇನ?" ಎಂದು ಕೇಳಿದ.

"ಜೇಬ ಖಾಲಿ ಮಾಡಿ ಹಾಕ್ರಿ ಅಂತ ಎಷ್ಟ ಸಲ ಹೇಳೀನಿ," ಎಂದಳು ಇಂದ್ರವ್ವ.

ಅವನು ತಪ್ಪು ತನ್ನದೇ ಎಂದುಕೊಂಡ. ರಾಚನಗೌಡ ಬಂದು ಕೂಗಾಡಿ ಹೋದ. ಹೊಸ ಕೀಲಿಗೆ ಅರ್ಜಿ ಹೋಯಿತು, ಮತ್ತೆ ವಿಡಿಯೊ ಆಯಿತು. ಈ ಸಲ ಆಕೆ ಮುಂಚೆಯೇ ಕೈ ತೊಳೆದು, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಹೊಸ ಕೀಲಿ ಬಂದ ದಿನ ಗುರುಪಾದಪ್ಪ ಕೈ ಚಾಚಿದಾಗ, "ನೀವು ನೀರಾಗ ಹಾಕತೀರಿ. ನನ್ನ ಹತ್ರ ಇರಲಿ," ಎಂದು ಅದನ್ನು ಕೊರಳ ದಾರಕ್ಕೆ ಕಟ್ಟಿಕೊಂಡಳು. ಎಂಟು ಅಂಕಿಯ ಗುಟ್ಟನ್ನೂ ಈ ಸಲ ತಾನೇ ಇಟ್ಟಳು.

ಆಮೇಲಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಮನೆಯ ಮಾತಿನಿಂದ ಕೇಳಿದ್ದು. ಚರಂಡಿಯ ಬಿಲ್ಲಿಗೆ ಆಕೆ ಸಹಿ ಹಾಕಲಿಲ್ಲ. ಎಂಜಿನಿಯರು ಬಂದು ಅಳೆದು ಹೋಗಲಿ ಎಂದಳು. ಎಂಜಿನಿಯರು ಅಳೆದರು, ಬರೆದ ಅಳತೆಗೂ ಇದ್ದ ಅಳತೆಗೂ ತಾಳೆಯಾಗಲಿಲ್ಲ. ವಿಶೇಷ ಸಭೆ ಕರೆದಾಗ ಆಕೆ ತನ್ನ ಪಕ್ಕದ ಕುರ್ಚಿಯ ಮೇಲೆ ಹೂವಿನ ಬುಟ್ಟಿ ಇಟ್ಟುಬಿಟ್ಟಳು. ಗುರುಪಾದಪ್ಪ ಬಂದು ಬುಟ್ಟಿಯನ್ನು ನೋಡಿ, ಅವಳನ್ನು ನೋಡಿ, ಹಿಂದಿನ ಬೆಂಚಿಗೆ ಹೋಗಿ ಕೂತ. ಪೈಪಿನ ಯೋಜನೆ ಎರಡು ಮತದಿಂದ ಗೆದ್ದಿತು. ಪೂರ್ತಿ ಗೆದ್ದಿತೆಂದು ಹೇಳಲಾಗದು. ಒಂದು ಕಂತಿನ ಹಣ ತಡವಾಯಿತು, ಎರಡು ತಿಂಗಳು ಊರಿನ ಬೀದಿ ದೀಪ ಉರಿಯಲಿಲ್ಲ, ಜನ ಇಂದ್ರವ್ವನ ಹೆಸರು ಹಿಡಿದು ಬೈದರು. ಪೈಪು ತಾಂಡಾದ ಬಾಯಿಯ ತನಕ ಹೋಗಿ ನಿಂತಿತು. ಒಂದು ತೊಟ್ಟಿ, ನಾಲ್ಕು ನಲ್ಲಿ. ಮನೆಮನೆಗೆ ಹೋಗಬೇಕಾದರೆ ಕಾಗದದಲ್ಲಿ ಮನೆಗೆ ತಕ್ಕ ಜನ ಇರಬೇಕಂತೆ.

ಗುರುಪಾದಪ್ಪ ಒಂದು ತಿಂಗಳು ಮುಖ ಗಂಟಿಕ್ಕಿಕೊಂಡಿದ್ದ. ಆಮೇಲೆ ಬೆಳಿಗ್ಗೆ ಸಂತೆಯಿಂದ ಹೂವಿನ ಮೂಟೆ ತರುವಾಗ ಯಾರೋ, "ಅಧ್ಯಕ್ಷರ ಮನಿಯವರ" ಎಂದು ಕರೆದರಂತೆ. ಅದನ್ನು ಮನೆಗೆ ಬಂದು ತಾನೇ ಹೇಳಿ, ತಾನೇ ನಕ್ಕ.

ನಾನೀಗ ಮುದುಕ. ನನ್ನ ಜಾತಿಗೆ ಎರಡು ವರ್ಷವೇ ಪೂರ್ಣಾಯುಷ್ಯ, ಅದೂ ಮುಗಿದಿದೆ. ಸೂಜಿ, ದಾರದುಂಡೆ, ಒಡೆದ ಗುಂಡಿಗಳಿರುವ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ನನ್ನ ವಾಸ. ಇಂದ್ರವ್ವನ ಅವಧಿಯೂ ಮುಗಿಯಿತು. ಚುನಾವಣೆ ಮುಂದಕ್ಕೆ ಹೋಗಿದೆ; ಆರಿಸಿ ಬಂದವರು ಇಲ್ಲದ ಪಂಚಾಯಿತಿಗೆ ದಿಲ್ಲಿಯ ಹಣವೂ ಬರುತ್ತಿಲ್ಲ. ಕೊರಳ ದಾರದ ಹೊಸ ಕೀಲಿ ಸರ್ಕಾರಕ್ಕೆ ಹಿಂದಿರುಗಿತು. ನನ್ನನ್ನು ಯಾರೂ ಕೇಳಲಿಲ್ಲ. ನನ್ನೊಳಗೆ ಆಕೆಯ ಹೆಸರು ಇನ್ನೂ ಇದೆ. ಹೊರಗೆ ಬರುವ ದಾರಿ ಇಲ್ಲ, ಅಷ್ಟೇ. ಹಾಗೆ ಒಳಗೇ ಉಳಿದ ಹೆಸರುಗಳು ಈ ಮನೆಯಲ್ಲಿ, ಈ ಊರಿನಲ್ಲಿ ಎಷ್ಟಿರಬಹುದೆಂದು ಯೋಚಿಸುತ್ತ ಹೊತ್ತು ಕಳೆಯುತ್ತೇನೆ.

ದೀಪಾವಳಿಯ ಮರುವಾರ ಘಮಲಿಬಾಯಿ ಚೆಂಡುಹೂವಿಗೆ ಬಂದಳು. ಗಾಡಿ ಬರುವ ಹೊತ್ತಾಯಿತು, ನಾಳೆ ಇಡೀ ತಾಂಡಾ ಕಬ್ಬಿಗೆ ಹೊರಡುತ್ತದೆ ಎಂದಳು. ಇಂದ್ರವ್ವ ಸೂಜಿಗಾಗಿ ನನ್ನ ಡಬ್ಬಿ ತೆರೆದಿದ್ದಳು; ಕೈ ಅಲ್ಲೇ ನಿಂತಿತು.

ಹೊಸ ಎಣಿಕೆಯ ಸುದ್ದಿಯನ್ನು ನಟೇಶ ಹಿಂದಿನ ದಿನವಷ್ಟೇ ಹೇಳಿದ್ದ. ಬರುವ ಫೆಬ್ರುವರಿಯಲ್ಲೇ, ಇಪ್ಪತ್ತು ದಿನ. ಆ ದಿನಗಳಲ್ಲಿ ಒಂದು ದಿನವಾದರೂ ತಮ್ಮ ಮನೆಯಲ್ಲಿ ಸಿಕ್ಕವರು ತಾಂಡಾದ ಲೆಕ್ಕಕ್ಕೆ ಬರುತ್ತಾರೆ. ಸಿಗದವರು ಮತ್ತೆ ಇಲ್ಲ.

"ಫೆಬ್ರುವರಿಯಾಗ ಎಣಿಕಿ ಐತಂತ. ನಡುವ ಒಂದ ದಿನ ಬರಾಕ ಆಗೂದಿಲ್ಲೇನ?" ಎಂದು ಕೇಳಿದಳು ಇಂದ್ರವ್ವ.

"ನಮ್ಮನ್ನ ಕರಕೊಂಡ ಹೋಗೂ ಮುಕಾದಮ ಬಿಡಬೇಕಲ್ಲವ್ವಾ. ಕಬ್ಬ ಕಡಿಯೂ ಟೋಳಿ ನಿಂತರ ಕಾರ್ಖಾನಿಗೆ ಗಾಡಿ ನಿಲ್ಲತಾವು. ಎಣಿಕಿ ಐತಿ ಅಂದ್ರ ಕೇಳತಾನೇನ?"

"ನಿಮ್ಮ ಗುರು ಸೇವಾಲಾಲರ ಜಯಂತಿ ಫೆಬ್ರುವರಿ ಹದಿನೈದಕ್ಕ, ಎಣಿಕಿ ನಡುವನ ಬರತೈತಿ ಹೌದಲ್ಲ?"

"ಬರತೈತಿ. ಮೊದಲ ಎಲ್ಲಾರೂ ಊರಿಗೆ ಬರತಿದ್ವಿ. ಈಗ ಅಲ್ಲೇ ಕಬ್ಬಿನಾಗ ಫೋಟೋ ಇಟ್ಟ ಪೂಜಿ ಮಾಡತೀವಿ. ಇಲ್ಲಿ ಮಾಡವರ ಯಾರದಾರ."

"ಯಾರರ ಬಂದು ಕುಂಕುಮ ಹಚ್ಚಿ ಕರದರ?"

ಘಮಲಿಬಾಯಿ ನಕ್ಕಳು. "ಮುಕಾದಮನೂ ನಮ್ಮವನ. ಜಯಂತಿಗೆ ಮನಿ ಮುಂದ ಬಂದು ಕರದರ ಅವನ ತಾಯಿನ ಅವನ್ನ ಬೈದ ಕಳಸತಾಳ. ಆದ್ರ ಅಷ್ಟ ದೂರ ಯಾರ ಬರತಾರವ್ವಾ, ಒಂದ ಊರಿನಾಗ ಇರತೀವೇನ, ಐದ ಊರಿನಾಗ ಇರತೀವಿ."

"ಯಾವ್ಯಾವು?"

ಘಮಲಿಬಾಯಿ ಬೆರಳು ಮಡಿಸುತ್ತ ಕೃಷ್ಣೆಯ ಆಚೆಯ ಐದು ಊರುಗಳ ಹೆಸರು ಹೇಳಿದಳು. ಇಂದ್ರವ್ವ ಕೇಳಿಸಿಕೊಳ್ಳುತ್ತ ಹೂವು ಪೊಟ್ಟಣ ಕಟ್ಟಿದಳು. ಘಮಲಿಬಾಯಿ ಹೋದ ಮೇಲೆ ಪೊಟ್ಟಣಕ್ಕೆ ಹರಿದು ಉಳಿದ ಕಾಗದದ ಚೂರಿನ ಮೇಲೆ ಐದೂ ಹೆಸರನ್ನು ಬರೆದಳು. ಈ ತಾಲ್ಲೂಕು ದಾಟಿ ಒಬ್ಬಳೇ ಎಂದೂ ಬಸ್ಸು ಹತ್ತಿದವಳಲ್ಲ.

ಸಂಜೆ ಪಕ್ಕದ ಮನೆಯ ಓರಗಿತ್ತಿ ಕಸ್ತೂರವ್ವ ಒಗ್ಗರಣೆಗೆ ಬೆಳ್ಳುಳ್ಳಿ ಕೇಳಲು ಬಂದಳು. ಇಂದ್ರವ್ವ ಬೆಳ್ಳುಳ್ಳಿ ಬಿಡಿಸಿ ಕೊಡುತ್ತ ಕೇಳಿದಳು. "ಫೆಬ್ರುವರಿಯಾಗ ಒಂದ ಎಂಟ ದಿವಸ ನನ್ನ ಬಿಲ್ವದ ಮನಿ ನೀ ನೋಡ್ಕೋತಿಯೇನ?"

"ಶಿವರಾತ್ರಿ ಸನೇಕ ಬಂದಿರತೈತಿ. ಆಗ ಬಿಟ್ಟರ ಮನಿ ಬ್ಯಾರೇಯವರ ಹಿಡಿತಾರ. ಎಲ್ಲಿಗೆ ಹೊಂಟಿ?"

"ಎಲ್ಲೂ ಇಲ್ಲ. ಸುಮ್ನ ಕೇಳಿದೆ."

"ಸುಮ್ನ ಕೇಳೂ ಮಾತೇನಿದು?" ಎಂದು ಕಸ್ತೂರವ್ವ ಅವಳ ಮುಖ ನೋಡಿದಳು. ಇಂದ್ರವ್ವ ಇನ್ನೆರಡು ಎಸಳು ಬೆಳ್ಳುಳ್ಳಿ ಬಿಡಿಸಿ ಅವಳ ಅಂಗೈಗೆ ಹಾಕಿದಳು.

ಕಸ್ತೂರವ್ವ ಹೋದಳು. ಗುರುಪಾದಪ್ಪ ಹೊರಗೆ ಬೈಕು ನಿಲ್ಲಿಸುವ ಸದ್ದಾಯಿತು. ಇಂದ್ರವ್ವ ಸೆರಗಿನ ಗಂಟಿನಿಂದ ಆ ಕಾಗದದ ಚೂರನ್ನು ತೆಗೆದು, ಇನ್ನೊಮ್ಮೆ ಓದಿ, ನಾಲ್ಕಾಗಿ ಮಡಿಸಿ ನನ್ನ ಪಕ್ಕ ಇಟ್ಟಳು. ಡಬ್ಬಿಯ ಮುಚ್ಚಳ ಒತ್ತಿ, ಒಲೆಯ ಕಡೆ ಹೋದಳು.